ಕೈಯಲ್ಲಿ ಲಿವರ್, ಪರದೆಯಲ್ಲಿ ವಿಮಾನ: ನಡುವೆ ಏನು ನಡೆಯುತ್ತದೆ?

ಕೀಬೋರ್ಡಿನಲ್ಲಿ ‘ಜಿ’ ಒತ್ತಿದರೆ ಚಕ್ರಗಳು ವಿಮಾನದ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಇನ್ನೊಮ್ಮೆ ಒತ್ತಿದರೆ ಹೊರಗೆ ಬರುತ್ತವೆ. ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡ ಮೊದಲ ವಾರ ಇದೇ ದೊಡ್ಡ ಖುಷಿ. ಎರಡನೇ ವಾರಕ್ಕೆ ಏನೋ ಸಪ್ಪೆ ಅನ್ನಿಸತೊಡಗುತ್ತದೆ. ನಿಜವಾದ ಪೈಲಟ್ ‘ಜಿ’ ಒತ್ತುವುದಿಲ್ಲ, ಅಲ್ವಾ? ಒಂದು ಲಿವರ್ ಎಳೆಯುತ್ತಾರೆ. ಮೂರು ಹಸಿರು ದೀಪ ಹೊತ್ತಿಕೊಂಡವಾ ಎಂದು ನೋಡುತ್ತಾರೆ.

2020ರ ಆಗಸ್ಟ್‌ನಲ್ಲಿ, ಜನ ಮನೆಯಲ್ಲೇ ಕೂತಿದ್ದ ಹೊತ್ತಿಗೆ, ಮೈಕ್ರೋಸಾಫ್ಟ್‌ನ ಹೊಸ ಫ್ಲೈಟ್ ಸಿಮ್ಯುಲೇಟರ್ ಬಂತು. 2024ರ ನವೆಂಬರ್‌ನಲ್ಲಿ ಅದರ ಮುಂದಿನ ಆವೃತ್ತಿಯೂ ಬಂತು. ಆಗ ಆಟವೆಂದು ಶುರು ಮಾಡಿದವರಲ್ಲಿ ಹಲವರು ಈಗ ‘ಒಂದಾದರೂ ನಿಜವಾದ ಸ್ವಿಚ್ ಬೇಕು’ ಎನ್ನುವ ಹಂತಕ್ಕೆ ಬಂದಿದ್ದಾರೆ. ಸ್ವಿಚ್ ಸಿಗುವುದು ಕಷ್ಟವಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹೊಡೆದರೆ ಸ್ವಿಚ್, ಎಲ್‌ಇಡಿ, ವೈರ್, ಪುಟ್ಟ ಬೋರ್ಡ್ ಎಲ್ಲ ಚೀಲ ಸೇರುತ್ತವೆ. ತಲೆ ಕೆಡುವುದು ಮನೆಗೆ ಬಂದ ಮೇಲೆ. ಮೇಜಿನ ಮೇಲಿನ ಸ್ವಿಚ್ ಎಳೆದದ್ದು ಪರದೆಯೊಳಗಿನ ವಿಮಾನಕ್ಕೆ ಗೊತ್ತಾಗುವುದು ಹೇಗೆ?

ಒಂದೇ ಲಿವರ್ ಇಟ್ಟುಕೊಂಡು ನೋಡೋಣ. ಒಂದು ಸ್ವಿಚ್, ಮೂರು ಹಸಿರು ದೀಪ. ಅಷ್ಟು ಅರ್ಥವಾದರೆ ಉಳಿದ ಕಾಕ್‌ಪಿಟ್‌ನಲ್ಲಿ ಹೊಸದು ಕಡಿಮೆಯೇ.

## ಲಿವರ್ ಕೇಳುತ್ತದೆ, ದೀಪ ಹೇಳುತ್ತದೆ

ಮೊದಲು ನಿಜವಾದ ವಿಮಾನದ ವಿಷಯ. ಚಕ್ರ, ಅದರ ಕಾಲು, ಮಡಚುವ ಯಂತ್ರ ಎಲ್ಲ ಸೇರಿದರೆ ‘ಲ್ಯಾಂಡಿಂಗ್ ಗೇರ್’. ಅದನ್ನು ಆಡಿಸುವ ಲಿವರ್‌ನ ತುದಿಯೂ ಪುಟ್ಟ ಚಕ್ರದ ಆಕಾರದಲ್ಲಿರುತ್ತದೆ. ಇದು ಅಂದಕ್ಕಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಹಿಂಬದಿಯ ಹಲಗೆ, ಅಂದರೆ ಫ್ಲ್ಯಾಪ್ ಮಡಚಲು ಹೋಗಿ ಚಕ್ರವನ್ನೇ ಮಡಚಿಬಿಡುತ್ತಿದ್ದರು. ಎರಡರ ಸ್ವಿಚ್‌ಗಳೂ ಅಕ್ಕಪಕ್ಕ, ಎರಡೂ ಒಂದೇ ಥರ. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಗುರುತಿಸಿದರು. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಟ್ಟರೆ ಮುಟ್ಟಿದರೇ ಗೊತ್ತಾಗುತ್ತದೆ ಎಂದರು. ಇವತ್ತಿಗೂ ಹಾಗೇ ಇದೆ. ಮನೆಯಲ್ಲಿ ಮಾಡುವವರು ಮುರಿದ ಆಟಿಕೆ ಕಾರಿನ ಚಕ್ರವೊಂದನ್ನು ಸ್ವಿಚ್‌ಗೆ ಸಿಕ್ಕಿಸಿದರೂ ಆಯಿತು.

ಇನ್ನು ಮುಖ್ಯ ಮಾತು. ಲಿವರ್ ಕೆಳಗಿದ್ದ ಮಾತ್ರಕ್ಕೆ ಚಕ್ರ ಕೆಳಗಿದೆ ಎಂದಲ್ಲ. ಲಿವರ್ ಬರೀ ಕೋರಿಕೆ: ‘ಚಕ್ರ ಇಳಿಸು’. ಇಳಿಯಲು ಕೆಲವು ಸೆಕೆಂಡು ಬೇಕು. ನಡುವೆ ಒಂದು ಚಕ್ರ ಸಿಕ್ಕಿಹಾಕಿಕೊಳ್ಳಲೂಬಹುದು. ಅದಕ್ಕೇ ದೀಪಕ್ಕೆ ಸುದ್ದಿ ಲಿವರ್‌ನಿಂದ ಬರುವುದಿಲ್ಲ, ಚಕ್ರದ ಬಳಿಯ ಸೆನ್ಸರ್‌ನಿಂದ ಬರುತ್ತದೆ. ಬೋಯಿಂಗ್ 737ರಲ್ಲಿ ಹಸಿರು ಹೊತ್ತಿದರೆ ಆ ಚಕ್ರ ಕೆಳಗಿಳಿದು ಲಾಕ್ ಆಗಿದೆ ಎಂದರ್ಥ. ಲಿವರ್ ಹೇಳುವುದಕ್ಕೂ ಚಕ್ರ ಇರುವುದಕ್ಕೂ ತಾಳೆಯಾಗದಿದ್ದರೆ ಕೆಂಪು.

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಸ್ವಿಚ್‌ನಿಂದ ಒಂದು ವೈರ್ ಕಂಪ್ಯೂಟರ್ ಕಡೆಗೆ ಎಳೆದೆ, ಇನ್ನೊಂದನ್ನು ನೇರ ದೀಪಗಳಿಗೆ ಕೊಟ್ಟೆ. ಚೆನ್ನಾಗೇ ಹೊಳೆಯುತ್ತಿದ್ದವು. ಒಂದು ಸಂಜೆ ಹುಬ್ಬಳ್ಳಿ ರನ್‌ವೇಗೆ ಇಳಿಸುತ್ತಿದ್ದೆ. ಲಿವರ್ ಕೆಳಗೆ, ಮೂರೂ ಹಸಿರು. ವಿಮಾನ ಮಾತ್ರ ಹೊಟ್ಟೆಯ ಮೇಲೆ ಕೂತು ಕಿಡಿ ಹಾರಿಸಿತು. ಕಂಪ್ಯೂಟರ್ ಕಡೆಯ ವೈರ್ ಸಡಿಲವಾಗಿತ್ತು. ಕೋರಿಕೆ ತಲುಪಿರಲೇ ಇಲ್ಲ. ನನ್ನ ದೀಪಗಳು ನಾನು ಹೇಳಿದ್ದನ್ನೇ ನನಗೆ ತಿರುಗಿ ಹೇಳುತ್ತಿದ್ದವು ಅಷ್ಟೆ.

ಹಾಗಾಗಿ ನಮಗೆ ಬೇಕಾದದ್ದು ಹೋಗುವ ದಾರಿ, ಬರುವ ದಾರಿ ಎರಡೂ.

## ಸುಲಭದ ದಾರಿ ಎಲ್ಲಿಯವರೆಗೆ?

ಹೋಗುವ ದಾರಿ ಮಾತ್ರ ಸಾಕು ಎಂದರೆ ಸ್ಕ್ರಿಪ್ಟ್‌ನ, ಅಂದರೆ ನಾವೇ ಬರೆಯುವ ಚಿಕ್ಕ ಪ್ರೋಗ್ರಾಂನ ತಂಟೆಯೇ ಬೇಡ. ಆರ್ಡುಯಿನೋ ಲಿಯೊನಾರ್ಡೋ, ಪ್ರೊ ಮೈಕ್ರೋದಂಥ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳು ಯುಎಸ್‌ಬಿ ಜಾಯ್‌ಸ್ಟಿಕ್‌ನ ವೇಷ ಹಾಕಬಲ್ಲವು. ಕಂಪ್ಯೂಟರ್ ನಂಬಿಬಿಡುತ್ತದೆ. ಆಮೇಲೆ ಸಿಮ್ಯುಲೇಟರ್‌ನ ಸೆಟ್ಟಿಂಗ್‌ಗೆ ಹೋಗಿ ‘ಮೂರನೇ ಬಟನ್ ಅಂದರೆ ಗೇರ್’ ಎಂದು ಹೇಳಿದರೆ ಮುಗಿಯಿತು. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ), ಪೆಡಲ್, ಯೋಕ್‌ಗೆ (ವಿಮಾನದ ಸ್ಟೀರಿಂಗ್) ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಲ್ಲಿ ಸ್ಕ್ರಿಪ್ಟ್ ಬರೆಯಲು ಕೂರುವುದು ಸುಮ್ನೆ ಶ್ರಮ.

ಆದರೆ ಇದು ಒನ್‌ವೇ ರಸ್ತೆ. ಬಟನ್ ಒತ್ತಿದ್ದು ಒಳಗೆ ಹೋಗುತ್ತದೆ. ಚಕ್ರ ಇಳಿಯಿತಾ, ವೇಗ ಎಷ್ಟು, ಆಟೋಪೈಲಟ್ ಆನ್ ಆಗಿದೆಯಾ ಎಂಬ ಸುದ್ದಿ ಹೊರಗೆ ಬರುವುದಿಲ್ಲ. ದೀಪ, ಮುಳ್ಳು, ಅಂಕಿ ತೋರಿಸುವ ಡಿಸ್‌ಪ್ಲೇ ಬೇಕೆಂದರೆ ಬೇರೆ ಬಾಗಿಲು ತಟ್ಟಬೇಕು.

## ಸಿಮ್ಯುಲೇಟರ್‌ನ ಬಾಗಿಲುಗಳು

ಸಿಮ್ಯುಲೇಟರ್‌ನ ಒಳಗೆ ವಿಮಾನ ಎನ್ನುವುದು ಸಾವಿರಾರು ಅಂಕಿಗಳ ಒಂದು ರಾಶಿ. ಕಿರಾಣಿ ಅಂಗಡಿಯ ಡಬ್ಬಗಳನ್ನು ನೆನೆಸಿಕೊಳ್ಳಿ. ಪ್ರತಿ ಡಬ್ಬಕ್ಕೂ ಒಂದು ಚೀಟಿ ಅಂಟಿಸಿದೆ. ಒಂದರಲ್ಲಿ ವೇಗ, ಒಂದರಲ್ಲಿ ಎತ್ತರ, ಒಂದರಲ್ಲಿ ಎಡ ಚಕ್ರ ಎಷ್ಟು ಇಳಿದಿದೆ ಎಂಬುದು. ಕೆಲವು ಡಬ್ಬಗಳನ್ನು ನೋಡಬಹುದು ಅಷ್ಟೆ. ಕೆಲವಕ್ಕೆ ನಾವೂ ಹಾಕಬಹುದು. ಅಂಗಡಿಯವರನ್ನು ಕೇಳುವ ರೀತಿ ಮಾತ್ರ ಒಂದೊಂದು ಸಿಮ್ಯುಲೇಟರ್‌ಗೆ ಒಂದೊಂದು.

ಮೈಕ್ರೋಸಾಫ್ಟ್‌ನಲ್ಲಿ ಈ ಬಾಗಿಲಿಗೆ ‘ಸಿಮ್‌ಕನೆಕ್ಟ್’ ಎಂದು ಹೆಸರು. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಜೊತೆ ಬಂದದ್ದು, ಇಂದಿಗೂ ಅದೇ ಹೆಸರಲ್ಲಿ ಇದೆ. ಇಲ್ಲಿ ಎರಡು ಮಾತು ತಿಳಿದಿರಬೇಕು. ‘ವೇರಿಯಬಲ್’ ಅಂದರೆ ಡಬ್ಬದೊಳಗಿನ ಅಂಕಿ. ‘ಈವೆಂಟ್’ ಅಂದರೆ ಅಪ್ಪಣೆ. ‘ಗೇರ್ ಡೌನ್’ ಒಂದು ಈವೆಂಟ್, ‘ಗೇರ್ ಲೆಫ್ಟ್ ಪೊಸಿಷನ್’ ಒಂದು ವೇರಿಯಬಲ್. ಲಿವರ್‌ಗೆ ಮೊದಲನೆಯದು, ದೀಪಕ್ಕೆ ಎರಡನೆಯದು.

ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಡಬ್ಬಗಳಿಗೆ ‘ಡೇಟಾರೆಫ್’ ಎನ್ನುತ್ತಾರೆ, ಅಪ್ಪಣೆಗಳಿಗೆ ‘ಕಮಾಂಡ್’. ಇದು ಮನೆಯ ನೆಟ್‌ವರ್ಕ್ ಮೂಲಕವೂ ಮಾತಾಡುತ್ತದೆ. 49000 ಎಂಬ ಪೋರ್ಟ್‌ಗೆ, ಅಂದರೆ ಆ ನಂಬರಿನ ಕಿಂಡಿಗೆ ಕೋರಿಕೆ ಕಳಿಸಿದರೆ ಉತ್ತರ ಬರುತ್ತದೆ. ಹಾಗಾಗಿ ದೀಪಗಳು ಸಿಮ್ಯುಲೇಟರ್ ಇರುವ ಕಂಪ್ಯೂಟರ್‌ಗೇ ಅಂಟಿಕೊಂಡಿರಬೇಕು ಎಂದೇನಿಲ್ಲ.

ಫ್ಲೈಟ್‌ಗೇರ್ ಎಂಬ ಮೂರನೇ ಸಿಮ್ಯುಲೇಟರ್ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಕಲಿಯುವವರಿಗೆ ನಾನು ಇದನ್ನೇ ಮೊದಲು ತೋರಿಸುವುದು. ಯಾಕೆಂದರೆ ಅದರ ಅಂಕಿಗಳೆಲ್ಲ ಕಂಪ್ಯೂಟರ್‌ನ ಫೋಲ್ಡರ್‌ಗಳ ಹಾಗೆ ಮರದ ಕೊಂಬೆ ಕೊಂಬೆಯಾಗಿ ಕಣ್ಣಿಗೆ ಕಾಣುತ್ತವೆ: ಕಂಟ್ರೋಲ್ಸ್ ಒಳಗೆ ಗೇರ್, ಗೇರ್ ಒಳಗೆ ಗೇರ್-ಡೌನ್. ಹಾರುತ್ತಿರುವಾಗಲೇ ಆ ಅಂಕಿ ಬದಲಾಯಿಸಿ ಏನಾಗುತ್ತದೆ ನೋಡಬಹುದು.

ಇನ್ನೊಂದು ಹಳೆಯ ಬಾಗಿಲು ‘ಎಫ್‌ಎಸ್‌ಯುಐಪಿಸಿ’. ಪೀಟರ್ ಡೌಸನ್ ಎಂಬುವರು ವರ್ಷಗಟ್ಟಲೆ ಬೆಳೆಸಿದ ತಂತ್ರಾಂಶ ಇದು. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗಳ ಜೊತೆ ಕೆಲಸ ಮಾಡುತ್ತದೆ. ಇಲ್ಲಿ ಡಬ್ಬಗಳಿಗೆ ಹೆಸರಿಲ್ಲ, ಅಂಕಿ-ಅಕ್ಷರ ಬೆರೆತ ನಂಬರ್ ಇದೆ. ಆ ನಂಬರ್‌ಗೆ ‘ಆಫ್‌ಸೆಟ್’ ಎನ್ನುತ್ತಾರೆ. ಗೇರ್ ಲಿವರ್‌ನ ಆಫ್‌ಸೆಟ್ 0ಬಿಇ8. ಅಲ್ಲಿ 0 ಇದ್ದರೆ ಲಿವರ್ ಮೇಲೆ, 16383 ಇದ್ದರೆ ಕೆಳಗೆ. ಮೂಗಿನ ಚಕ್ರ 0ಬಿಇಸಿ, ಬಲ 0ಬಿಎಫ್0, ಎಡ 0ಬಿಎಫ್4. ಚಕ್ರ ಇಳಿಯುತ್ತಾ ಹೋದಂತೆ ಅಂಕಿ 0ಯಿಂದ 16383ರವರೆಗೆ ಏರುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ? ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುತ್ತದೆ. 14 ಬಿಟ್‌ಗಳಲ್ಲಿ (0 ಅಥವಾ 1 ಕೂರುವ 14 ಸ್ಥಾನಗಳಲ್ಲಿ) ಹಿಡಿಸುವ ಅತಿ ದೊಡ್ಡ ಸಂಖ್ಯೆ 16383. ಇಂಥ ಲೆಕ್ಕ ಇಲ್ಲಿ ಬೇಕಾದಷ್ಟಿವೆ. ಗಾಳಿಯಲ್ಲಿ ವಿಮಾನದ ವೇಗ 02ಬಿಸಿ ಎಂಬಲ್ಲಿ ನಾಟ್‌ನ (ವಿಮಾನದ ವೇಗ ಅಳೆಯುವ ಮಾನ) 128 ಪಟ್ಟಾಗಿ ಕೂತಿರುತ್ತದೆ. 12800 ಕಂಡು ಗಾಬರಿಯಾಗಬೇಡಿ, ಅದು 100 ನಾಟ್ ಅಷ್ಟೆ.

## ಸ್ವಿಚ್‌ಗೆ ಬಾಯಿ ಕೊಡುವ ಬೋರ್ಡ್

ಸ್ವಿಚ್‌ಗೆ ಮಾತು ಬರುವುದಿಲ್ಲ. ಎರಡು ತಗಡು ಮುಟ್ಟುತ್ತವೆ ಅಥವಾ ಬಿಡುತ್ತವೆ. ಅದನ್ನು ಅಕ್ಷರವಾಗಿಸಿ ಯುಎಸ್‌ಬಿ ವೈರ್‌ನಲ್ಲಿ ಕಳಿಸುವುದು ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್ ಇರುವ ಬೋರ್ಡಿನ ಕೆಲಸ. ಮನೆಯಲ್ಲಿ ಮಾಡುವವರು ಹೆಚ್ಚಾಗಿ ಹಿಡಿಯುವುದು ಆರ್ಡುಯಿನೋ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಬೋರ್ಡ್ ಇದು. ಉನೋ ಮಾದರಿಯಲ್ಲಿ ವೈರ್ ಸಿಕ್ಕಿಸುವ 14 ಡಿಜಿಟಲ್ ಪಿನ್‌ಗಳಿವೆ. ನಮ್ಮ ಲಿವರ್‌ಗೆ ಒಂದು, ದೀಪಗಳಿಗೆ ಮೂರು. ಮುಂದೆ ಪೂರ್ತಿ ಪ್ಯಾನೆಲ್ ಮಾಡುವ ಆಸೆ ಇದ್ದರೆ 54 ಪಿನ್‌ಗಳ ಮೆಗಾ 2560 ಮೊದಲೇ ತಗೊಳ್ಳುವುದು ವಾಸಿ.

ಸ್ವಿಚ್ ಜೋಡಿಸುವಾಗ ಹೊಸಬರಿಗೆ ಒಂದು ಒಗಟು ಎದುರಾಗುತ್ತದೆ. ಸ್ವಿಚ್ ಬಿಟ್ಟಿರುವಾಗ ಪಿನ್‌ಗೆ ಯಾವ ಕಡೆಯ ಸಂಪರ್ಕವೂ ಇರುವುದಿಲ್ಲ. ಆಗ ಅದು ಸುತ್ತಲಿನ ವಿದ್ಯುತ್ ಗದ್ದಲ ಹಿಡಿದು ಒಮ್ಮೆ 0, ಒಮ್ಮೆ 1 ಎಂದು ಬಡಬಡಿಸುತ್ತದೆ. ಚಿಲಕವಿಲ್ಲದ ಬಾಗಿಲು ಗಾಳಿಗೆ ಆಡಿದ ಹಾಗೆ. ಇದಕ್ಕೆ ಆರ್ಡುಯಿನೋ ಒಳಗೇ ಒಂದು ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಇದೆ, ಅದು ಪಿನ್ ಅನ್ನು 5 ವೋಲ್ಟ್ ಕಡೆಗೆ ಮೆಲ್ಲಗೆ ಎಳೆದು ಹಿಡಿಯುತ್ತದೆ. ‘ಪುಲ್‌ಅಪ್’ ಎನ್ನುವುದು ಇದನ್ನೇ. ಸ್ವಿಚ್‌ನ ಇನ್ನೊಂದು ತುದಿ ಗ್ರೌಂಡ್‌ಗೆ, ಅಂದರೆ 0 ವೋಲ್ಟ್‌ಗೆ. ಹಾಗಾಗಿ ಸ್ವಿಚ್ ಬಿಟ್ಟಾಗ 1, ಹಾಕಿದಾಗ 0. ಉಲ್ಟಾ ಎನಿಸುತ್ತದೆ, ಆದರೆ ಸರಿಯೇ.

ದೀಪಕ್ಕೆ ರೆಸಿಸ್ಟರ್ ಇಲ್ಲದೆ ಕೈ ಹಾಕಬೇಡಿ. 5 ವೋಲ್ಟ್‌ನಲ್ಲಿ ಸುಮಾರು 2 ವೋಲ್ಟ್ ಎಲ್‌ಇಡಿ ತಗೊಳ್ಳುತ್ತದೆ ಎಂದುಕೊಳ್ಳಿ. ಉಳಿದ 3 ವೋಲ್ಟ್‌ಗೆ 220 ಓಮ್ ರೆಸಿಸ್ಟರ್ ಹಾಕಿದರೆ 14 ಮಿಲಿಆಂಪ್ ಹತ್ತಿರ ಹರಿಯುತ್ತದೆ. ಉನೋದ ಪಿನ್‌ಗೆ 20 ಮಿಲಿಆಂಪ್ ಒಳಗಿದ್ದರೆ ಕ್ಷೇಮ. ಮೋಟರ್, ದೊಡ್ಡ ಬಲ್ಬ್ ಇವನ್ನೆಲ್ಲ ನೇರ ಪಿನ್‌ಗೆ ಕೊಟ್ಟರೆ ಬೋರ್ಡ್ ಸುಟ್ಟುಹೋಗುತ್ತದೆ. ಅವಕ್ಕೆ ಬೇರೆ ಕರೆಂಟು, ನಡುವೆ ಟ್ರಾನ್ಸಿಸ್ಟರ್ ಅಥವಾ ರಿಲೇ ಬೇಕು.

ಬೋರ್ಡ್ ಕಂಪ್ಯೂಟರ್ ಜೊತೆ ಮಾತಾಡುವುದು ‘ಸೀರಿಯಲ್’ ವಿಧಾನದಲ್ಲಿ. ಅಂದರೆ ಅಕ್ಷರಗಳು ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ಹೋಗುತ್ತವೆ. ವೇಗವನ್ನು ‘ಬಾಡ್’ ಎಂದು ಅಳೆಯುತ್ತಾರೆ. 9600 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಒಂದು ಲಿವರ್‌ಗೆ ಧಾರಾಳ. ಹತ್ತಾರು ಡಿಸ್‌ಪ್ಲೇ ಇದ್ದರೆ 115200ಕ್ಕೆ ಹೋಗುತ್ತಾರೆ. ಎರಡೂ ಕಡೆ ಒಂದೇ ವೇಗ ಹೇಳಿರಬೇಕು, ಇಲ್ಲದಿದ್ದರೆ ಬರುವುದೆಲ್ಲ ಅರ್ಥವಿಲ್ಲದ ಅಕ್ಷರ.

## ನಡುವಿನ ದುಭಾಷಿ

ಈ ಕಡೆ ಬೋರ್ಡ್, ಅದಕ್ಕೆ ‘ಜಿ1’ (ಲಿವರ್ ಕೆಳಗೆ), ‘ಜಿ0’ (ಲಿವರ್ ಮೇಲೆ) ಎಂಬ ಪುಟ್ಟ ಮಾತು ಬಿಟ್ಟು ಬೇರೆ ಗೊತ್ತಿಲ್ಲ. ಆ ಕಡೆ ಸಿಮ್ಯುಲೇಟರ್, ಅದಕ್ಕೆ ಈವೆಂಟ್, ಆಫ್‌ಸೆಟ್ ಬಿಟ್ಟು ಬೇರೆ ಗೊತ್ತಿಲ್ಲ. ನಡುವೆ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುವ ದುಭಾಷಿಯೇ ಸ್ಕ್ರಿಪ್ಟ್. ಸ್ಕ್ರಿಪ್ಟ್ ಎಂದರೆ ಸಾಮಾನ್ಯ ಪಠ್ಯದಂತೆ ಬರೆದಿಟ್ಟು ಹಾಗೇ ಓಡಿಸುವ ಚಿಕ್ಕ ಪ್ರೋಗ್ರಾಂ. ಒಂದು ಸಾಲು ತಿದ್ದಿ, ಉಳಿಸಿ, ಮತ್ತೆ ಓಡಿಸಿದರಾಯಿತು.

ಎಫ್‌ಎಸ್‌ಯುಐಪಿಸಿ ಒಳಗೆ ‘ಲುವಾ’ ಎಂಬ ಭಾಷೆ ಇದೆ, ಅದಕ್ಕೆ ಹಣ ಕೊಟ್ಟು ನೋಂದಾಯಿಸಿದ ಆವೃತ್ತಿ ಬೇಕು. ಎಕ್ಸ್-ಪ್ಲೇನ್‌ಗೆ ‘ಫ್ಲೈವಿತ್‌ಲುವಾ’ ಎಂಬ ಉಚಿತ ಪ್ಲಗಿನ್ ಇದೆ. ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿತು. ಪೋರ್ಚುಗೀಸ್‌ನಲ್ಲಿ ಲುವಾ ಅಂದರೆ ಚಂದಿರ. ಪುಟ್ಟ ಭಾಷೆ, ಬೇರೆ ಪ್ರೋಗ್ರಾಂಗಳ ಒಳಗೆ ಸುಲಭವಾಗಿ ಕೂರುತ್ತದೆ. ಹೊರಗಿನಿಂದ ಮಾಡುವುದಾದರೆ ಪೈಥಾನ್ ಹಿಡಿಯುವವರು ಜಾಸ್ತಿ.

ಭಾಷೆ ಯಾವುದಾದರೂ ಕೆಲಸ ಇಷ್ಟೇ. ಸೀರಿಯಲ್ ಪೋರ್ಟ್, ಅಂದರೆ ಬೋರ್ಡ್ ಜೊತೆ ಮಾತಾಡುವ ಕಿಂಡಿ ತೆರೆ. ಬೋರ್ಡಿನಿಂದ ‘ಜಿ1’ ಬಂದರೆ ಗೇರ್ ಡೌನ್ ಈವೆಂಟ್ ಕಳಿಸು. ಮೂರು ಚಕ್ರಗಳ ಅಂಕಿ ಓದು. ಯಾವುದು 16383 ಮುಟ್ಟಿದೆಯೋ ಅದರ ದೀಪ ‘ಹೊತ್ತಿಸು’ ಎಂದು ಬೋರ್ಡಿಗೆ ಹೇಳು. ನೋಡಿ, ದೀಪದ ವಿಷಯದಲ್ಲಿ ಲಿವರ್ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹುಬ್ಬಳ್ಳಿ ತಪ್ಪು ಇಲ್ಲಿ ಆಗಲು ಸಾಧ್ಯವೇ ಇಲ್ಲ.

ಓದುವುದರಲ್ಲಿ ಎರಡು ಬಗೆ. ಒಲೆಯ ಮೇಲೆ ಹಾಲಿಟ್ಟರೆ ಎದುರೇ ನಿಂತು ಮತ್ತೆ ಮತ್ತೆ ನೋಡುತ್ತೇವೆ. ಕುಕ್ಕರ್ ಇಟ್ಟರೆ ಬೇರೆ ಕೆಲಸ ಮಾಡಿಕೊಂಡು ವಿಸಲ್‌ಗೆ ಕಾಯುತ್ತೇವೆ. ಸ್ಕ್ರಿಪ್ಟ್ ಕೂಡ ಹಾಗೇ. ಸೆಕೆಂಡಿಗೆ ಇಪ್ಪತ್ತು ಸಲ ‘ಚಕ್ರ ಇಳಿಯಿತಾ?’ ಎಂದು ಕೇಳಬಹುದು. ಅಥವಾ ‘ಈ ಅಂಕಿ ಬದಲಾದರೆ ಮಾತ್ರ ನನ್ನ ಕರೆ’ ಎಂದು ಹೇಳಿಡಬಹುದು. ಸಿಮ್‌ಕನೆಕ್ಟ್ ಮತ್ತು ಎಫ್‌ಎಸ್‌ಯುಐಪಿಸಿಯ ಲುವಾ ಎರಡರಲ್ಲೂ ಕುಕ್ಕರ್ ಪದ್ಧತಿ ಇದೆ. ಕಂಪ್ಯೂಟರ್‌ಗೆ ಹೊರೆ ಕಡಿಮೆ.

ಇಷ್ಟೆಲ್ಲ ಬರೆಯಲು ಬೇಸರವಾದರೆ ‘ಮೊಬಿಫ್ಲೈಟ್’ ಎಂಬ ಉಚಿತ ತಂತ್ರಾಂಶ ಇದೆ. ಯಾವ ಪಿನ್‌ಗೆ ಏನು ಎಂದು ಪಟ್ಟಿಯಲ್ಲಿ ಆರಿಸಿದರೆ ದುಭಾಷಿಯ ಕೆಲಸ ಅದೇ ಮಾಡುತ್ತದೆ. ಒಳಗೆ ನಡೆಯುವುದು ಮಾತ್ರ ಮೇಲೆ ಹೇಳಿದ್ದೇ.

## ಬಿದ್ದ ತಟ್ಟೆ, ತಿರುಗುವ ಗುಂಡಿ

ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಒಂದೇ ಸಲ ‘ಠಣ್’ ಎನ್ನುವುದಿಲ್ಲ. ಠಣ್ ಠಣ ಠಣ ಎಂದು ಕುಣಿದು ಆಮೇಲೆ ಸುಮ್ಮನಾಗುತ್ತದೆ. ಸ್ವಿಚ್ ಒಳಗಿನ ತಗಡೂ ಹೀಗೇ ಕೆಲವು ಮಿಲಿಸೆಕೆಂಡು ಕುಣಿಯುತ್ತದೆ. ನಮಗೆ ಒಂದು ಕ್ಲಿಕ್, ಆರ್ಡುಯಿನೋಗೆ ಐದಾರು. ಇದಕ್ಕೆ ‘ಬೌನ್ಸ್’ ಎನ್ನುತ್ತಾರೆ. ಪರಿಹಾರ ಸುಲಭ: ಮೊದಲ ಬದಲಾವಣೆ ಕಂಡ ಮೇಲೆ 20 ಮಿಲಿಸೆಕೆಂಡು ಕಾದು ಮತ್ತೆ ನೋಡುವುದು.

ಆದರೂ ಎಚ್ಚರಕ್ಕೆ ಇನ್ನೊಂದು. ‘ಟಾಗಲ್’ ಎಂಬ ಅಪ್ಪಣೆ ಬಳಸಬೇಡಿ. ಟಾಗಲ್ ಅಂದರೆ ‘ಈಗ ಹೇಗಿದೆಯೋ ಅದಕ್ಕೆ ಉಲ್ಟಾ ಮಾಡು’. ಎರಡು ಸಲ ಹೋದರೆ ಚಕ್ರ ಮತ್ತೆ ಮೊದಲಿದ್ದಲ್ಲಿಗೇ. ‘ಇಳಿಸು’ ಎಂಬುದು ಹಾಗಲ್ಲ, ಹತ್ತು ಸಲ ಹೇಳಿದರೂ ಇಳಿದೇ ಇರುತ್ತದೆ. ಫ್ಲೈಟ್‌ಗೇರ್ ಮಾಡಿದವರು ಇದನ್ನು ಕೀಬೋರ್ಡಿನಲ್ಲೇ ಬೇರೆ ಮಾಡಿದ್ದಾರೆ. ಅಲ್ಲಿ ಚಿಕ್ಕ ಜಿ ಚಕ್ರ ಮಡಚುತ್ತದೆ, ಶಿಫ್ಟ್ ಜೊತೆ ಒತ್ತಿದ ದೊಡ್ಡ ಜಿ ಇಳಿಸುತ್ತದೆ.

ಆಟೋಪೈಲಟ್‌ನ ದಿಕ್ಕು ಬದಲಿಸುವ ಗುಂಡಿಯದ್ದು ಬೇರೆಯೇ ಕಥೆ. ಅದು ಕೊನೆಯಿಲ್ಲದೆ ತಿರುಗುವ ‘ರೋಟರಿ ಎನ್‌ಕೋಡರ್’. ಒಳಗೆ ಎರಡು ಸ್ವಿಚ್‌ಗಳಿದ್ದು ಒಂದರ ಹಿಂದೆ ಒಂದು ಮುಟ್ಟುತ್ತವೆ. ಬಾಗಿಲ ಬಳಿ ಇಬ್ಬರು ಕಾವಲುಗಾರರು ಇದ್ದ ಹಾಗೆ. ಹೊರಗಿನವನು ಮೊದಲು ಕೂಗಿದರೆ ಯಾರೋ ಒಳಗೆ ಬಂದರು, ಒಳಗಿನವನು ಮೊದಲು ಕೂಗಿದರೆ ಯಾರೋ ಹೊರಟರು. ಹೀಗೆ ಎಡವೋ ಬಲವೋ ತಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಎನ್‌ಕೋಡರ್‌ಗಳಲ್ಲಿ ಸುತ್ತಿಗೆ 20 ಕ್ಲಿಕ್‌ನವು ಜಾಸ್ತಿ. ಕ್ಲಿಕ್‌ಗೆ ಒಂದು ಡಿಗ್ರಿ ಎಂದರೆ 360 ಡಿಗ್ರಿಗೆ 18 ಸುತ್ತು! ಕೈ ಸೋತುಹೋಗುತ್ತದೆ. ಅದಕ್ಕೆ ಸ್ಕ್ರಿಪ್ಟ್‌ನಲ್ಲಿ ಬೇಗ ತಿರುಗಿಸಿದರೆ ಕ್ಲಿಕ್‌ಗೆ ಹತ್ತು ಡಿಗ್ರಿ ಎಂದು ಬರೆದುಕೊಳ್ಳುತ್ತಾರೆ.

## ಮಾತೇ ಆಡುತ್ತಿಲ್ಲವೇ?

ಕೋಡ್ ತಿದ್ದುವ ಮೊದಲು ಮೂರು ವಿಷಯ ನೋಡಿ. ಮೊದಲನೆಯದು, ಸೀರಿಯಲ್ ಪೋರ್ಟ್ ಅನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಆರ್ಡುಯಿನೋದ ಸೀರಿಯಲ್ ಮಾನಿಟರ್ ಕಿಟಕಿ ತೆರೆದೇ ಇದ್ದರೆ ಸ್ಕ್ರಿಪ್ಟ್‌ಗೆ ಪ್ರವೇಶವಿಲ್ಲ. ಎಷ್ಟೋ ರಾತ್ರಿಗಳು ಇದೊಂದರಲ್ಲೇ ಹಾಳಾಗಿವೆ. ಎರಡನೆಯದು, ಪೋರ್ಟ್ ತೆರೆದ ಕೂಡಲೇ ಉನೋ ಒಮ್ಮೆ ಸತ್ತು ಹುಟ್ಟುತ್ತದೆ, ಅಂದರೆ ರೀಸೆಟ್ ಆಗುತ್ತದೆ. ಆಗ ಒಂದೆರಡು ಸೆಕೆಂಡು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಸ್ಕ್ರಿಪ್ಟ್ ಅಷ್ಟು ಹೊತ್ತು ಕಾಯಬೇಕು. ಮೂರನೆಯದು, ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಅದಕ್ಕೆ ಕೆಲವೊಮ್ಮೆ ಬೇರೆ ಡ್ರೈವರ್ ಹಾಕಬೇಕು.

## ಶುರುವಿನಲ್ಲಿ ಯಾರ ಮಾತು ನಡೆಯಬೇಕು?

ನಿನ್ನೆ ಲಿವರ್ ಮೇಲಿಟ್ಟು ಮಲಗಿದಿರಿ. ಇವತ್ತು ವಿಮಾನ ರನ್‌ವೇ ಮೇಲೆ ಚಕ್ರ ಊರಿ ನಿಂತಿದೆ. ಸ್ಕ್ರಿಪ್ಟ್ ಎದ್ದ ಕೂಡಲೇ ಲಿವರ್ ಹೇಳಿದ್ದನ್ನು ಕಳಿಸಿದರೆ ‘ಚಕ್ರ ಮಡಚು’ ಎಂದಾಯಿತು. ನಿಜವಾದ ವಿಮಾನದಲ್ಲಿ ಚಕ್ರದ ಮೇಲೆ ಭಾರ ಇದ್ದಾಗ ಮಡಚದಂತೆ ತಡೆ ಇರುತ್ತದೆ. ಸಿಮ್ಯುಲೇಟರ್‌ನ ಎಲ್ಲ ವಿಮಾನಗಳಲ್ಲೂ ಇರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅದಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ಮೊದಲು ಸಿಮ್ಯುಲೇಟರ್ ಹೇಳುವುದನ್ನು ಓದು. ಲಿವರ್ ಅದಕ್ಕೆ ಹೊಂದದಿದ್ದರೆ ಏನನ್ನೂ ಕಳಿಸಬೇಡ, ದೀಪ ಮಿಣುಕಿಸು. ನಾನು ಲಿವರ್ ಸರಿಯಾದ ಕಡೆ ತಂದ ಮೇಲಷ್ಟೇ ಕೆಲಸ ಶುರು ಮಾಡು.

ಎಲ್ಲ ಸರಿ ಕೂತ ಮೇಲೆ ಪರೀಕ್ಷಿಸಲು ಒಂದು ಒಳ್ಳೆಯ ಉಪಾಯ ಇದೆ. ಎಕ್ಸ್-ಪ್ಲೇನ್‌ನಲ್ಲಿ ಬೇಕೆಂದೇ ಕೆಡುಕು ಉಂಟುಮಾಡುವ ಸೆಟ್ಟಿಂಗ್ ಇದೆ. ಲ್ಯಾಂಡಿಂಗ್ ಗೇರ್ ಕೆಡಿಸಿ ಹಾರಿ. ರನ್‌ವೇ ಎದುರಾದಾಗ ಲಿವರ್ ಇಳಿಸಿ. ಕೆಲವು ಸೆಕೆಂಡು ಕಾಯಿರಿ. ಎಡ ಹೊತ್ತಿತು. ಬಲ ಹೊತ್ತಿತು. ಮೂಗಿನ ದೀಪ ಹೊತ್ತಲೇ ಇಲ್ಲ. ವೈರ್ ಸಡಿಲವಾಗಿದೆಯಾ ಎಂದು ಮೇಜಿನ ಕೆಳಗೆ ಬಗ್ಗುವ ಮುಂಚೆ ವಿಮಾನವನ್ನು ಮತ್ತೆ ಮೇಲಕ್ಕೆತ್ತಿ.